‘ಅಜ್ಜಿ’ ಎಂದು ಕರೆದ ದನಿ

2024ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಕುಂದಾಪುರದ ಬಳಿಯ ನಮ್ಮ ಊರಿನ ಮನೆಯಲ್ಲಿ ಒಬ್ಬರೇ ಇದ್ದ ನನ್ನ ತಾಯಿಗೆ ಗೊತ್ತಿಲ್ಲದ ಸಂಖ್ಯೆಯಿಂದ ಒಂದು ಕರೆ ಬಂತು. ಮಳೆಯ ಸದ್ದಿನ ನಡುವೆ ಆ ಕಡೆಯಿಂದ ಒಬ್ಬ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತ, ‘ಅಜ್ಜಿ, ನಾನು’ ಎಂದು ಹೇಳಿ, ನನ್ನ ಮಗನನ್ನು ನಾವು ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನೂ ಹೇಳಿದನಂತೆ. ಅಷ್ಟರಲ್ಲಿ ಗಡಸು ದನಿಯವನೊಬ್ಬ ಫೋನು ತೆಗೆದುಕೊಂಡು, ತಾನು ಪೊಲೀಸ್ ಠಾಣೆಯಿಂದ ಮಾತನಾಡುತ್ತಿರುವುದಾಗಿಯೂ, ನಿಮ್ಮ ಮೊಮ್ಮಗ ಮೈಸೂರಿನಲ್ಲಿ ಗೆಳೆಯನ ಸ್ಕೂಟರು ಓಡಿಸಿ ಒಬ್ಬರಿಗೆ ಗುದ್ದಿರುವುದಾಗಿಯೂ, ಗಾಯಾಳುವಿನ ಕಡೆಯವರಿಗೆ ನಲವತ್ತು ಸಾವಿರ ರೂಪಾಯಿ ಕೊಟ್ಟರೆ ಪ್ರಕರಣ ದಾಖಲಾಗದಂತೆ ನೋಡಿಕೊಳ್ಳುವುದಾಗಿಯೂ ತಿಳಿಸಿದ. ಹುಡುಗ ಪಿಯುಸಿ ಓದುತ್ತಿರುವುದು, ಅವನ ತಂದೆ ಕೆಲಸದ ಮೇಲೆ ಆಗಾಗ ಪರ ಊರಿಗೆ ಹೋಗುವುದು, ತಾಯಿ ಪಾಠ ಮಾಡುವವಳೆಂಬುದು, ಎಲ್ಲವೂ ಅವನಿಗೆ ಗೊತ್ತಿತ್ತು. ‘ನಿಮ್ಮ ಎಡಗಾಲಿನ ಮೊಣಕಾಲು ಆಪರೇಷನ್ ಆಗಿದೆ, ಬ್ಯಾಂಕಿಗೆ ಓಡಾಡಲು ಕಷ್ಟ, ಫೋನಿನಲ್ಲೇ ಹಣ ಕಳಿಸಿ’ ಎಂದು ಕನಿಕರವನ್ನೂ ತೋರಿಸಿದನಂತೆ.

ಅಮ್ಮ ಹಣ ಕಳುಹಿಸಲಿಲ್ಲ. ‘ನಮ್ ಮಾಣಿ ನಂಗ್ ಅಜ್ಜಿ ಅಂದ್ ಕರಿಯೂದೇ ಇಲ್ಲೆ’ ಎಂದು ಹೇಳಿ ಫೋನು ಇಟ್ಟು, ಕೂಡಲೇ ನನಗೆ ಕರೆ ಮಾಡಿದರು. ಮಗ ಆಗ ಕಾಲೇಜಿನಿಂದ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದ. ನಮ್ಮ ಕಡೆ ತಾಯಿಯ ತಾಯಿಯನ್ನು ಮಕ್ಕಳು ‘ಅಮ್ಮಮ್ಮ’ ಎನ್ನುತ್ತಾರೆ. ಹುಟ್ಟಿದಂದಿನಿಂದ ಅವನು ಅವರನ್ನು ಹಾಗೆಯೇ ಕರೆದಿದ್ದಾನೆ. ಆದರೆ ನನ್ನ ಬರಹಗಳಲ್ಲಿ ಮಾತ್ರ, ಕರಾವಳಿಯಾಚೆಯ ಓದುಗರಿಗೂ ಸುಲಭವಾಗಲಿ ಎಂದು, ನಾನು ಎಲ್ಲ ಕಡೆಯೂ ‘ಅಜ್ಜಿ’ ಎಂದೇ ಬರೆದಿದ್ದೆ.

ಆ ಮನುಷ್ಯನಿಗೆ ಇಷ್ಟು ವಿವರ ಸಿಕ್ಕಿದ್ದು ಎಲ್ಲಿಂದ ಎಂಬ ಪ್ರಶ್ನೆಗೆ ‘ಅಜ್ಜಿ’ ಎಂಬ ಶಬ್ದ ಅರ್ಧ ಉತ್ತರ ಕೊಟ್ಟಿತು. ಉಳಿದರ್ಧವನ್ನು ಕೊಟ್ಟದ್ದು ಎಡಗಾಲು. ಅಮ್ಮನಿಗೆ ಶಸ್ತ್ರಚಿಕಿತ್ಸೆಯಾದದ್ದು ಬಲಗಾಲಿಗೆ. ನಾನು ಅದರ ಬಗ್ಗೆ ಬರೆಯುವಾಗ ಅವಸರದಲ್ಲಿ ಎಡಗಾಲು ಎಂದು ಬರೆದಿದ್ದೆ, ತಿದ್ದಿರಲಿಲ್ಲ. ಜಗತ್ತಿನಲ್ಲಿ ಆ ತಪ್ಪು ಇದ್ದದ್ದು ಒಂದೇ ಕಡೆ, ನಾನು ಹದಿಮೂರು ವರ್ಷಗಳಿಂದ ನನ್ನ ಬ್ಲಾಗಿನಲ್ಲಿ ಬರೆದಿಡುತ್ತ ಬಂದಿದ್ದ ನಮ್ಮ ಮನೆಯ ದಿನಚರಿಯಲ್ಲಿ.

ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಿ, ಆ ಸಂಖ್ಯೆಯ ಬಗ್ಗೆ ದೂರು ದಾಖಲಿಸಿದ್ದಾಯಿತು. ಹಣ ಹೋಗಿರಲಿಲ್ಲವಾದ್ದರಿಂದ ಆ ದಿಕ್ಕಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಆದರೆ ಅಂದು ರಾತ್ರಿ ನನ್ನ ಬರಹಗಳನ್ನು ನಾನೇ ತೆರೆದು ಕುಳಿತೆ. ಅಲ್ಲಿಂದ ದೀಪಾವಳಿಯವರೆಗೆ, ಸುಮಾರು ನಾಲ್ಕು ತಿಂಗಳು, ಸಂಜೆಯ ಹೊತ್ತು ಮಾಡಿದ ಕೆಲಸದ ಕಥೆ ಇದು.

ಬರೆಯಲು ಆರಂಭಿಸಿದ್ದು 2011ರಲ್ಲಿ, ಮಗನಿಗೆ ಮೂರು ವರ್ಷವಾಗಿದ್ದಾಗ. ಅಮೆರಿಕದಲ್ಲಿದ್ದ ನನ್ನ ತಮ್ಮನಿಗೆ ಸೋದರಳಿಯ ಬೆಳೆಯುವುದನ್ನು ನೋಡಲಾಗುತ್ತಿಲ್ಲ ಎಂಬ ಕೊರಗು. ಅವನಿಗಾಗಿ ವಾರಕ್ಕೊಂದು ಪುಟ ಬರೆಯುತ್ತಿದ್ದೆ. ಓದುವವರು ಐದಾರು ಜನ ಎಂಬ ಭರವಸೆಯಲ್ಲಿ, ಪತ್ರ ಬರೆದಷ್ಟೇ ಸಲೀಸಾಗಿ ಹೆಸರು, ಊರು, ತಾರೀಖು ಎಲ್ಲವನ್ನೂ ಬರೆದೆ. ಪತ್ರಕ್ಕಾದರೂ ಲಕೋಟೆಯಿತ್ತು. ಕ್ರಮೇಣ ಗುರುತಿಲ್ಲದವರೂ ಓದತೊಡಗಿದರು, ಮೆಚ್ಚಿದರು. ಮೆಚ್ಚುಗೆ ಬಂದಂತೆ ನಾನು ಇನ್ನಷ್ಟು ಬಿಚ್ಚಿ ಬರೆದೆನೆಂಬುದನ್ನು ಒಪ್ಪಿಕೊಳ್ಳಬೇಕು. ಎಣಿಸಿ ನೋಡಿದಾಗ ಒಟ್ಟು 312 ಬರಹಗಳಿದ್ದವು.

ಮೊದಲ ವಾರ ನಾನು ಮಾಡಿದ್ದು ಹೆಸರು ಬದಲಿಸುವ ಕೆಲಸ. ಮಗ ‘ಪುಟ್ಟ’ನಾದ, ಗಂಡ ‘ಇವರು’ ಆದರು. ನಮ್ಮ ಅಜ್ಜಿಯ ಕಾಲದ ಹೆಂಗಸರು ಗಂಡನ ಹೆಸರನ್ನು ನಾಲಿಗೆಯ ಮೇಲೆ ತರುತ್ತಿರಲಿಲ್ಲ, ಮದುವೆ ಮುಂಜಿಗಳಲ್ಲಿ ಒತ್ತಾಯ ಮಾಡಿದರೆ ಒಡಪಿನೊಳಗೆ ಹುದುಗಿಸಿ ಹೇಳುತ್ತಿದ್ದರು. ಆ ಪದ್ಧತಿಯನ್ನು ಕಾಲೇಜಿನ ದಿನಗಳಲ್ಲಿ ಗೇಲಿ ಮಾಡಿದ್ದ ನಾನು ಈಗ 312 ಕಡೆ ಅದನ್ನೇ ಪಾಲಿಸುತ್ತಿದ್ದೆ. ಆದರೆ ಹೆಸರು ಬದಲಾದ ಮೇಲೆ ಓದಿ ನೋಡಿದರೆ, ನಮ್ಮನ್ನು ಬಲ್ಲವರಿಗಿರಲಿ, ಅರಿಯದವರಿಗೂ ನಾವು ಯಾರೆಂದು ಪತ್ತೆ ಹಚ್ಚಲು ಯಾವ ಅಡ್ಡಿಯೂ ಕಾಣಲಿಲ್ಲ. ಹೆಸರೊಂದೇ ಗುರುತಲ್ಲ. ಅದರಲ್ಲೂ ನಮ್ಮ ಕಡೆಯ ಹೆಸರುಗಳ ಹಿಂದಿನ ಇನಿಷಿಯಲ್ಲುಗಳಲ್ಲಿ ಒಂದು ಊರಿನದು, ಇನ್ನೊಂದು ತಂದೆಯದು. ನನ್ನ ಹಳೆಯ ಸಹಿಯನ್ನು ಬಿಡಿಸಿದರೆ ಅರ್ಧ ವಿಳಾಸವೇ ಸಿಗುತ್ತದೆ.

ಹಾಗಾಗಿ ಇನ್ನೂರು ಪುಟದ ನೋಟು ಪುಸ್ತಕವೊಂದನ್ನು ತಂದು, ಗೆರೆ ಎಳೆದು, ಯಾರು, ಎಲ್ಲಿ, ಯಾವಾಗ ಎಂದು ಮೂರು ಅಂಕಣ ಮಾಡಿದೆ. ಪ್ರತಿ ಬರಹವನ್ನೂ ಆ ಕರೆ ಮಾಡಿದವನ ಕಣ್ಣಿನಿಂದ ಓದಿ, ಅದರಿಂದ ಹೊಸದಾಗಿ ತಿಳಿಯುವುದನ್ನು ಮಾತ್ರ ಅಂಕಣಗಳಲ್ಲಿ ತುಂಬಿಸಿದೆ. ಒಂದು ಬರಹದಿಂದ ಸಿಗುತ್ತಿದ್ದದ್ದು ಒಂದೋ ಎರಡೋ ಸಂಗತಿ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗುಟ್ಟಲ್ಲ. ಮಗನ ಹುಟ್ಟುಹಬ್ಬದ ದಿನ ಒಂದರಲ್ಲಿ, ಅವನಿಗೆ ಹತ್ತು ತುಂಬಿದ ಸಂಭ್ರಮ ಇನ್ನೊಂದರಲ್ಲಿ, ಹುಟ್ಟಿದ ಆಸ್ಪತ್ರೆಯಿದ್ದ ಬಡಾವಣೆ ಮತ್ತೊಂದರಲ್ಲಿ. ನಲವತ್ತನೆಯ ಬರಹಕ್ಕೆ ಬರುವ ಹೊತ್ತಿಗೆ ನನ್ನ ಮೂರು ಅಂಕಣಗಳು ಸೇರಿ ಒಂದು ಅರ್ಜಿ ನಮೂನೆಯನ್ನು ಭರ್ತಿ ಮಾಡುವಷ್ಟಾಗಿದ್ದವು. ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 1990ರ ಜನಗಣತಿಯ ಅಂಕಿಗಳನ್ನಿಟ್ಟುಕೊಂಡು, ಅಂಚೆ ಪಿನ್, ಹುಟ್ಟಿದ ದಿನಾಂಕ ಮತ್ತು ಗಂಡೋ ಹೆಣ್ಣೋ ಎಂಬ ಮೂರೇ ಸಂಗತಿಗಳಿಂದ ಅಮೆರಿಕದ ನೂರಕ್ಕೆ 87 ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಲೆಕ್ಕ ಹಾಕಿದ್ದನ್ನು ಹಿಂದೆ ಓದಿದ್ದೆ. ಓದಿದಾಗ ಅದು ದೂರದ ದೇಶದ ಲೆಕ್ಕವಾಗಿತ್ತು. ನೋಟು ಪುಸ್ತಕದಲ್ಲಿ ನಮ್ಮ ಮನೆಯ ನಾಲ್ವರ ಆ ಮೂರೂ ಸಂಗತಿಗಳು ನನ್ನದೇ ಕೈಬರಹದಲ್ಲಿ ಇದ್ದವು.

ಹುಟ್ಟಿದ ದಿನವನ್ನು ತಿಳಿದವರು ಏನು ಮಾಡಿಯಾರು ಎಂದು ನನ್ನ ಪತಿ ಕೇಳಿದರು. ಅವರಿಗೆ ಉತ್ತರ ಹೇಳಲು ನಾನು ಇಂಟರ್‌ನೆಟ್ಟಿನ ತುಂಬ ದೂರಕ್ಕೆ ಹೋಗಬೇಕಾಗಲಿಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಳ್ಳುವ ಇ-ಆಧಾರ್ ಕಡತ ತೆರೆಯಲು ಬೇಕಾದ ಗುಪ್ತಪದವು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಎಷ್ಟೋ ಬ್ಯಾಂಕುಗಳ ತಿಂಗಳ ಲೆಕ್ಕಪಟ್ಟಿಗೆ ಹೆಸರಿನ ನಾಲ್ಕು ಅಕ್ಷರ ಮತ್ತು ಹುಟ್ಟಿದ ದಿನ, ತಿಂಗಳು. ಫೋನಿನಲ್ಲಿ ಗುರುತು ಖಾತ್ರಿಪಡಿಸಿಕೊಳ್ಳಲು ಕೇಳುವುದು ತಾಯಿಯ ಹೆಸರು. ಕಡತ ಕೈಗೆ ಸಿಗದೆ ಗುಪ್ತಪದದಿಂದ ಪ್ರಯೋಜನವಿಲ್ಲ, ನಿಜ. ಆದರೆ ಆಧಾರ್ ಕಡತವನ್ನು ಮುದ್ರಿಸಲೆಂದು ಜೆರಾಕ್ಸ್ ಅಂಗಡಿಯ ವಾಟ್ಸಾಪಿಗೆ ಕಳುಹಿಸದ ಮನೆ ನಮ್ಮ ಬೀದಿಯಲ್ಲಿ ಯಾವುದಿದೆ? ನನ್ನ ತಂದೆಯವರು ಇದ್ದಾಗ ನಡೆದ ಅರವತ್ತರ ಶಾಂತಿಯ ಬಗ್ಗೆ ನಾನು ಬಹಳ ಪ್ರೀತಿಯಿಂದ ಬರೆದಿದ್ದ ಲೇಖನದಲ್ಲಿ ಅವರ ಪೂರ್ಣ ಹೆಸರು, ಹುಟ್ಟಿದ ಸಂವತ್ಸರ, ತಿಥಿ, ನಕ್ಷತ್ರ ಎಲ್ಲವೂ ಇದ್ದವು. ಸಂವತ್ಸರದಿಂದ ಇಸವಿಯನ್ನೂ ತಿಥಿಯಿಂದ ತಾರೀಖನ್ನೂ ಲೆಕ್ಕ ಹಾಕಲು ಈಗ ಪಂಚಾಂಗ ಬಲ್ಲವರೂ ಬೇಕಿಲ್ಲ.

ನಮ್ಮಲ್ಲಿ ಮನೆಯ ವಿವರಗಳು ಸೋರಿಹೋಗುವ ದಾರಿಗಳೇ ಬೇರೆ ಎಂಬುದು ನನಗೆ ಆಗ ಮನವರಿಕೆಯಾಯಿತು. ಎಚ್ಚರಿಕೆಯ ಮಾತು ಹೇಳುವ ಇಂಗ್ಲಿಷ್ ಲೇಖನಗಳಲ್ಲಿ ಸಾಕುನಾಯಿಯ ಹೆಸರು ಬರೆಯಬೇಡಿ ಎಂದಿರುತ್ತದೆ; ಮುಂಜಿಯ ಆಮಂತ್ರಣ ಪತ್ರಿಕೆಯ ಚಿತ್ರ ಹಾಕಬೇಡಿ ಎಂದು ಯಾರೂ ಹೇಳಿರುವುದಿಲ್ಲ. ಆ ಒಂದು ಪತ್ರಿಕೆಯಲ್ಲಿ ಮೂರು ತಲೆಮಾರಿನ ಹೆಸರು, ಗೋತ್ರ, ಮನೆಯ ವಿಳಾಸ, ಇಬ್ಬರ ಮೊಬೈಲ್ ಸಂಖ್ಯೆ, ಜೊತೆಗೆ ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮನೆಮಂದಿಯೆಲ್ಲ ಛತ್ರದಲ್ಲಿರುತ್ತಾರೆ ಎಂಬ ಮಾಹಿತಿ ಇರುತ್ತದೆ. ಆನೆಗುಡ್ಡೆಯ ವಿನಾಯಕನಿಗೆ ಸೇವೆ ಮಾಡಿಸಿ ಬಂದ ದಿನ ಪ್ರಸಾದದ ಚಿತ್ರ ಹಾಕಿದ್ದೆ. ತಟ್ಟೆಯ ಅಂಚಿನಲ್ಲಿ ಸೇವಾ ರಸೀದಿ, ಅದರಲ್ಲಿ ಹೆಸರು, ನಕ್ಷತ್ರ, ರಾಶಿ, ಫೋನ್ ಸಂಖ್ಯೆ. ಎಲ್ಲಕ್ಕಿಂತ ನಾಚಿಕೆಯಾದದ್ದು ಮಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಹೆಮ್ಮೆ ತಡೆಯಲಾರದೆ ಅದರ ಚಿತ್ರವನ್ನೇ ಹಾಕಿದ್ದೆ. ನಮ್ಮ ರಾಜ್ಯದಲ್ಲಿ ಜನ್ಮದಿನಾಂಕಕ್ಕೆ ಪುರಾವೆಯಾಗಿ ಆಯುಷ್ಯವಿಡೀ ಬಳಕೆಯಾಗುವ ದಾಖಲೆ ಅದು; ತಂದೆ ತಾಯಿಯ ಹೆಸರು, ಶಾಲೆಯ ಹೆಸರು, ನೋಂದಣಿ ಸಂಖ್ಯೆ ಎಲ್ಲವೂ ಅದರಲ್ಲಿವೆ.

ವಿಳಾಸವನ್ನು ನಾನು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಅದೊಂದು ವಿಷಯದಲ್ಲಿ ನೆಮ್ಮದಿಯಿಂದಿದ್ದೆ. ಆದರೂ ಪರೀಕ್ಷಿಸೋಣ ಎಂದುಕೊಂಡು, ನಮ್ಮ ಮನೆಯನ್ನು ಎಂದೂ ನೋಡಿರದ, ಸಹೋದ್ಯೋಗಿಯೊಬ್ಬರ ಮಗಳಿಗೆ ಬರಹಗಳ ಕೊಂಡಿಯನ್ನಷ್ಟೇ ಕೊಟ್ಟು, ಮನೆ ಎಲ್ಲಿದೆ ಹುಡುಕಿಕೊಡು ಎಂದೆ. ಎಂಜಿನಿಯರಿಂಗ್ ಓದುವ ಹುಡುಗಿ. ಒಂದೂವರೆ ಗಂಟೆಯ ನಂತರ ಉಪಗ್ರಹ ನಕ್ಷೆಯಲ್ಲಿ ನಮ್ಮ ಮನೆಯ ತಾರಸಿಯನ್ನೇ ತೋರಿಸುವ ಚಿತ್ರ ಕಳುಹಿಸಿ, ‘ಆಂಟಿ, ಇದೇ ತಾನೆ?’ ಎಂದು ಕೇಳಿದಳು. ಮಹಡಿಯ ಅಡುಗೆಮನೆ ಕಿಟಕಿಯಿಂದ ಚಾಮುಂಡಿ ಬೆಟ್ಟದ ದೀಪ ಯಾವ ಕೋನದಲ್ಲಿ ಕಾಣುತ್ತದೆ ಎಂದು ನಾನು ವರ್ಣಿಸಿದ್ದೆ. ಎದುರಿನ ಸಂಪಿಗೆ ಮರ, ಮೂಲೆಯ ನಂದಿನಿ ಬೂತು, ಬೆಳಿಗ್ಗೆ ಐದಕ್ಕೆ ಸುಪ್ರಭಾತ ಹಾಕುವ ದೇವಸ್ಥಾನ, ಇವೆಲ್ಲ ಬೇರೆ ಬೇರೆ ವರ್ಷಗಳ ಬೇರೆ ಬೇರೆ ಬರಹಗಳಲ್ಲಿ ಚದುರಿದ್ದವು. ಅವಳು ಅವನ್ನು ಒಟ್ಟುಗೂಡಿಸಿದ್ದಳು. ಅನುಮಾನ ಉಳಿಯದಂತೆ ಮಾಡಿದ್ದು ಮಾತ್ರ ಒಂದು ಹುಟ್ಟುಹಬ್ಬದ ಚಿತ್ರ. ಕೇಕಿನ ಹಿಂದೆ ಮೇಜಿನ ಕೆಳಗಿದ್ದ ಕೊರಿಯರ್ ಡಬ್ಬಿಯ ಮೇಲಿನ ಚೀಟಿ, ದೊಡ್ಡದು ಮಾಡಿ ನೋಡಿದರೆ ಪಿನ್‌ಕೋಡ್ ಸಮೇತ ಓದಿಸಿಕೊಳ್ಳುತ್ತಿತ್ತು.

ಚಿತ್ರಗಳಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ್ದು ಹೆಚ್ಚು ಎಂಬ ಪಾಠವೂ ಅವಳಿಂದಲೇ ಆಯಿತು. ಫೋನಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಎಕ್ಸಿಫ್ ಎಂಬ ಟಿಪ್ಪಣಿ ಸೇರಿಕೊಂಡಿರುತ್ತದೆ: ತೆಗೆದ ದಿನ, ಗಳಿಗೆ, ಫೋನಿನ ಮಾದರಿ, ಮತ್ತು ಕ್ಯಾಮೆರಾಕ್ಕೆ ಸ್ಥಳದ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ ರೇಖಾಂಶ. ಅಕ್ಷಾಂಶದ ದಶಮಾಂಶ ಬಿಂದುವಿನ ನಂತರ ಐದು ಅಂಕಿಗಳಿದ್ದರೆ ಅದು ಸುಮಾರು ಒಂದು ಮೀಟರಿನಷ್ಟು ಸೂಕ್ಷ್ಮವಾದ ಗುರುತು. ಫೋನು ಕೆಲವು ಮೀಟರು ತಪ್ಪಿದರೂ ನಮ್ಮ ಗೇಟಿನ ಆಸುಪಾಸಿನಲ್ಲೇ ತಪ್ಪುತ್ತದೆ. ಗೃಹಪ್ರವೇಶದ ಚಿತ್ರಗಳನ್ನು ನೆಂಟರು ಇಳಿಸಿಕೊಳ್ಳಲೆಂದು ಗೂಗಲ್ ಡ್ರೈವಿನ ಫೋಲ್ಡರೊಂದಕ್ಕೆ ಹಾಕಿ, ಕೊಂಡಿ ಇದ್ದವರೆಲ್ಲ ನೋಡಬಹುದು ಎಂದು ತೆರೆದಿಟ್ಟು, ಆ ಕೊಂಡಿಯನ್ನು ಬರಹದ ಕೆಳಗೇ ಅಂಟಿಸಿದ್ದೆ. ಮೂಲ ಕಡತಗಳಾದ್ದರಿಂದ ಸ್ಥಳದ ಟಿಪ್ಪಣಿ ಹಾಗೆಯೇ ಇತ್ತು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಈ ಟಿಪ್ಪಣಿ ಅಳಿಸಿಹೋಗುತ್ತದೆ, ಗುಣಮಟ್ಟ ಕೆಡದಿರಲಿ ಎಂದು ಡಾಕ್ಯುಮೆಂಟಾಗಿ ಕಳುಹಿಸಿದರೆ ಉಳಿಯುತ್ತದೆ. ಎಷ್ಟೋ ವರ್ಷಗಳಿಂದ ನಾನು ಗುಣಮಟ್ಟದ ಕಡೆಯವಳಾಗಿದ್ದೆ.

ಇಷ್ಟರವರೆಗಿನದು ಕಸ ಗುಡಿಸಿದ ಹಾಗೆ, ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ. ಕಷ್ಟವಾದದ್ದು ನೋಟು ಪುಸ್ತಕದ ಮೊದಲ ಅಂಕಣ, ‘ಯಾರು’ ಎಂಬುದು. ಅದರಲ್ಲಿ ನನ್ನ ಹೆಸರಿಗಿಂತ ಬೇರೆಯವರ ಹೆಸರುಗಳೇ ಹೆಚ್ಚಿದ್ದವು, ಮತ್ತು ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆ. ಖಾಸಗಿತನವು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿಗೆ ಕಾರಣರಾದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಅದೇ ವರ್ಷದ ಜನವರಿಯಲ್ಲಿ, ನ್ಯಾಯಾಲಯದ ಹಳೆಯ ಆದೇಶವೊಂದರಲ್ಲಿರುವ ಮಗಳ ಹೆಸರು ಹುಡುಕಾಟದಲ್ಲಿ ಸಿಗದಂತಾಗಲಿ ಎಂದು ತಂದೆಯೊಬ್ಬರು ಸಲ್ಲಿಸಿದ ಕೋರಿಕೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಪರಿಗಣಿಸಿ, ಮರೆಯಲ್ಪಡುವ ಹಕ್ಕಿನ ಮಾತನ್ನು ಎತ್ತಿತ್ತು. ಇವೆಲ್ಲ ಓದಲು ಸಂತೋಷವೇ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 3ನೇ ಕಲಮಿಗೆ ಬಂದಾಗ ನಗು ಬಂತು. ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶಕ್ಕೂ, ತಾನೇ ಬಹಿರಂಗಪಡಿಸಿಕೊಂಡ ತನ್ನ ದತ್ತಾಂಶಕ್ಕೂ ಕಾಯಿದೆ ಅನ್ವಯಿಸುವುದಿಲ್ಲವೆಂದು ಹೇಳಿ, ಎರಡನೆಯದಕ್ಕೆ ಒಂದು ಉದಾಹರಣೆಯನ್ನೂ ಕೊಟ್ಟಿದ್ದಾರೆ: ಎಕ್ಸ್ ಎಂಬಾಕೆ ತನ್ನ ಅಭಿಪ್ರಾಯಗಳನ್ನು ಬ್ಲಾಗಿನಲ್ಲಿ ಬರೆಯುತ್ತ ತನ್ನ ವೈಯಕ್ತಿಕ ವಿವರಗಳನ್ನು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗಪಡಿಸಿದ್ದಾಳೆ, ಅವಳಿಗೆ ಈ ಕಾಯಿದೆಯಿಲ್ಲ. ಆ ಎಕ್ಸ್ ನಾನೇ. ಹದಿನೆಂಟು ತುಂಬದ ಮಕ್ಕಳ ವಿವರಗಳನ್ನು ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಹಂಚುತ್ತಿರುವವಳು ತಾಯಿಯೇ ಆದರೆ ಯಾರ ಒಪ್ಪಿಗೆ ಕೇಳಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ. ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಬಂದ ಕಾನೂನು, ಮಗುವಿನ ಚಿತ್ರದ ಮೇಲಿನ ಹಕ್ಕು ಮಗುವಿನದೆಂದೂ ಅದನ್ನು ತಂದೆ ತಾಯಿ ಸೇರಿ ಕಾಪಾಡಬೇಕೆಂದೂ ಹೇಳುವಷ್ಟರಮಟ್ಟಿಗೆ ಒಂದು ಹೆಜ್ಜೆ ಮುಂದೆ ಹೋಗಿದೆ.

ಕಾನೂನು ಬಿಟ್ಟುಕೊಟ್ಟದ್ದರಿಂದ ಮನೆಯಲ್ಲೇ ಕೇಳಬೇಕಾಯಿತು. ಮಗನಿಗೆ ಸಂಬಂಧಿಸಿದ 140 ಬರಹಗಳ ಪಟ್ಟಿ ಮಾಡಿ ಅವನ ಮುಂದಿಟ್ಟೆ. ಅವನು ಪಟ್ಟಿಯನ್ನು ನೋಡಲೂ ಇಲ್ಲ. ‘ಲಾಮನ ಕಥೆ ಇದೆಯಲ್ಲ, ಅದನ್ನು ತೆಗಿ, ಬೇರೆಯದೆಲ್ಲ ನಿನ್ನಿಷ್ಟ’ ಎಂದ. ಏಳು ವರ್ಷದವರೆಗೂ ಅವನಿಗೆ ‘ರ’ಕಾರ ಹೊರಳುತ್ತಿರಲಿಲ್ಲ, ರಾಮನನ್ನು ಲಾಮ ಎನ್ನುತ್ತಿದ್ದ, ರೊಟ್ಟಿಯನ್ನು ಲೊಟ್ಟಿ ಎನ್ನುತ್ತಿದ್ದ. ಅದರ ಮೇಲೆ ನಾನು ಬರೆದದ್ದು ನನ್ನ ಬರಹಗಳಲ್ಲೆಲ್ಲ ಹೆಚ್ಚು ಜನ ಓದಿದ್ದು. ಎಂಟನೇ ತರಗತಿಯಲ್ಲಿ ಅವನ ಸಹಪಾಠಿಯೊಬ್ಬನ ತಾಯಿ ಅದನ್ನು ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರಂತೆ. ಅಲ್ಲಿಂದ ಹತ್ತನೇ ತರಗತಿ ಮುಗಿಯುವವರೆಗೆ ಅವನಿಗೆ ಶಾಲೆಯಲ್ಲಿ ಲಾಮ ಎಂದೇ ಹೆಸರು. ಮೂರು ವರ್ಷ ಅವನು ಅದನ್ನು ನನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ‘ಹೇಳಿದ್ದರೆ ಅದನ್ನೂ ಬರೆಯುತ್ತಿದ್ದೆ’ ಎಂದ. ಕೋಪದಿಂದ ಹೇಳಲಿಲ್ಲ; ನಮ್ಮ ಮನೆಯ ಒಂದು ರೂಢಿಯ ಬಗ್ಗೆ ಮಾತನಾಡುವಂತೆ ಹೇಳಿದ. ಆ ಕಥೆಯನ್ನು ಅಂದೇ ತೆಗೆದೆ. ಇಲ್ಲಿ ಅದರ ಪ್ರಸ್ತಾಪ ಮಾಡಿರುವುದು ಅವನು ಈ ಪ್ಯಾರಾವನ್ನು ಓದಿ, ಒಂದು ವಾಕ್ಯ ಹೊಡೆದುಹಾಕಿ, ಉಳಿದದ್ದಕ್ಕೆ ಒಪ್ಪಿದ ಮೇಲೆ.

ಪತಿಯವರು ತಮ್ಮ ಗೊರಕೆಯ ಕುರಿತ ಎರಡು ಬರಹಗಳನ್ನು ಉಳಿಸಬೇಕೆಂದು ಪಟ್ಟು ಹಿಡಿದರು, ತಮ್ಮ ಊರು ಮತ್ತು ಕಚೇರಿಯ ಪ್ರಸ್ತಾಪವನ್ನು ಬಿಡಬೇಕೆಂದರು. ತಮ್ಮನ ವಿಷಯ ಇನ್ನೂ ಚುಟುಕು: ‘ವೀಸಾ ವಿಷಯ ತೆಗೆದುಬಿಡು, ಅಕ್ಕ.’

ನೋಟು ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇವರಾರೂ ಅಲ್ಲ, ನಮ್ಮ ಮನೆಗೆ ಒಂಬತ್ತು ವರ್ಷ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಮನೆಮಂದಿಗೆಲ್ಲ ಮೊದಲಿನಿಂದಲೂ ಅಲ್ಪಸ್ವಲ್ಪ ಮರೆಯಿತ್ತು; ನಾನು ಅವರ ಜಗಳಗಳನ್ನು ಬರೆದಿರಲಿಲ್ಲ, ಸಾಲಗಳನ್ನು ಬರೆದಿರಲಿಲ್ಲ. ಕೆಲಸದವರ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಬರೆದಿದ್ದೆ. ಗಂಡನ ಕುಡಿತ, ಸಂಘದ ಸಾಲದ ಕಂತು ತಪ್ಪಿದ್ದು, ಒಮ್ಮೆ ಮುಖ ಬಾತುಕೊಂಡು ಬಂದದ್ದು, ಎಲ್ಲವೂ ಅವರ ನಿಜವಾದ ಹೆಸರಿನಲ್ಲಿ, ಅವರಿರುವ ಬಡಾವಣೆಯ ಹೆಸರಿನ ಸಮೇತ. ಅದನ್ನು ಓದಿದವರು ನನ್ನ ಅಂತಃಕರಣವನ್ನು ಹೊಗಳಿದ್ದರು. ಕೆಲಸದವರು ಓದಲಾರರು ಎಂಬ ಧೈರ್ಯ ನನ್ನಲ್ಲಿ ಇದ್ದಿರಬೇಕು. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುತ್ತಿಲ್ಲ. ಅವರ ಮಗಳು ಈಗ ಪದವಿ ಮುಗಿಸಿದ್ದಾಳೆ.

ಒಂದು ಭಾನುವಾರ ಅವರ ಮನೆಗೆ ಹೋಗಿ, ಬರೆದದ್ದನ್ನು ಓದಿ ಹೇಳಿ, ಕ್ಷಮೆ ಕೇಳಿದೆ. ಅವರು ಕಾಫಿ ಮಾಡಿ ತಂದಿಟ್ಟು, ‘ಸುಳ್ಳೇನೂ ಬರ್ದಿಲ್ವಲ್ಲ ಅಕ್ಕ’ ಎಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, ‘ಮಗ್ಳಿಗೆ ಗಂಡು ನೋಡ್ತಾ ಇದೀವಿ. ಅವ್ರ ಕಡೆಯವ್ರು ಫೋನಲ್ಲಿ ಎಲ್ಲಾ ಹುಡುಕ್ತಾರಂತೆ’ ಎಂದರು. ಏಳು ಬರಹಗಳಿದ್ದವು, ಹೆಸರು ಬದಲಿಸುವ ಯೋಚನೆಯನ್ನೂ ಮಾಡದೆ ಏಳನ್ನೂ ತೆಗೆದೆ. ತೆಗೆದವುಗಳಲ್ಲಿ ಎರಡು ನಾನು ಬರೆದದ್ದರಲ್ಲೇ ಚೆನ್ನಾಗಿದ್ದವು ಎಂಬುದು ಆಗ ಮನಸ್ಸಿಗೆ ಬಂದದ್ದೂ ಸುಳ್ಳಲ್ಲ.

ತೆಗೆಯುವುದು ಎಂದು ಸುಲಭವಾಗಿ ಬರೆದೆ, ಅದರ ರೀತಿಯನ್ನೂ ಹೇಳಬೇಕು. ನನ್ನ ಬರಹಗಳಿದ್ದದ್ದು ಗೂಗಲಿನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ. ಅಲ್ಲಿ ಪ್ರಕಟವಾದುದನ್ನು ಕರಡಿನ ಸ್ಥಿತಿಗೆ ಮರಳಿಸಬಹುದು. ಪುಟ ಮರೆಯಾಗುತ್ತದೆ, ಬರಹ ನಮ್ಮಲ್ಲಿ ಉಳಿಯುತ್ತದೆ. ಆದರೆ ಪುಟ ಮರೆಯಾದರೂ ಅದರಲ್ಲಿದ್ದ ಚಿತ್ರದ ನೇರ ಕೊಂಡಿ ತೆರೆಯುತ್ತಲೇ ಇತ್ತು. ಚಿತ್ರಗಳನ್ನು ಬೇರೆಯಾಗಿಯೇ ಅಳಿಸಬೇಕಾಯಿತು. ಶೀರ್ಷಿಕೆ ಬದಲಿಸಿದರೂ ಪುಟದ ವಿಳಾಸ ಮೊದಲಿನದೇ ಉಳಿಯುತ್ತದೆ. ಇಲ್ಲಿ ಕನ್ನಡ ನನಗೆ ಎರಡನೆಯ ಸಲ ಉಪಕಾರ ಮಾಡಿತು: ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತರಲಾರದೆ ‘ಬ್ಲಾಗ್-ಪೋಸ್ಟ್’ ಎಂಬ ಪದಕ್ಕೆ ಅಂಕಿಗಳನ್ನು ಜೋಡಿಸಿ ಕೈತೊಳೆದುಕೊಳ್ಳುತ್ತದೆ. ಮಗನ ಹೆಸರು ವಿಳಾಸದಲ್ಲಿ ಉಳಿದಿದ್ದದ್ದು ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಶೀರ್ಷಿಕೆ ಕೊಟ್ಟಿದ್ದ ಮೂರು ಕಡೆ ಮಾತ್ರ. ಆ ಮೂರನ್ನು ಅಳಿಸಿ ಹೊಸದಾಗಿ ಹಾಕಿದೆ.

ಅಳಿಸಿದ ಮೇಲೂ ಗೂಗಲ್ ಹುಡುಕಾಟದಲ್ಲಿ ಹಳೆಯ ಸಾಲುಗಳು ಕೆಲವು ದಿನ ಕಾಣುತ್ತಿದ್ದವು. ಬದಲಾದ ಅಥವಾ ಇಲ್ಲವಾದ ಪುಟಗಳ ಹಳೆಯ ಫಲಿತಾಂಶ ತೆಗೆಯಲು ಕೋರುವ ಒಂದು ನಮೂನೆ ಅವರಲ್ಲಿದೆ. ಹದಿನೆಂಟರೊಳಗಿನವರ ಚಿತ್ರಗಳನ್ನು ಹುಡುಕಾಟದಿಂದ ತೆಗೆಯಲು ಮಕ್ಕಳೋ ತಂದೆ ತಾಯಿಯೋ ಕೋರುವ ಬೇರೊಂದು ನಮೂನೆ 2021ರಿಂದ ಇದೆ. ಎರಡನ್ನೂ ಬಳಸಿದೆ. 1996ರಿಂದ ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿ ನನ್ನ ಕೆಲವು ಪುಟಗಳು ಸಿಕ್ಕವು; ಬರಹಗಳು ನನ್ನವೇ ಎಂಬುದಕ್ಕೆ ಆಧಾರ ಕೊಟ್ಟು, ಹೊರಗಿಡುವಂತೆ ಕೋರಿ ಮಿಂಚಂಚೆ ಬರೆದೆ. ಇವೆಲ್ಲ ಆಗುವ ಕೆಲಸಗಳು. ಆಗದೇ ಉಳಿದದ್ದೂ ಒಂದಿದೆ. ಕನ್ನಡ ಬರಹಗಳನ್ನು ಕೇಳದೆ ಎತ್ತಿ ಹಾಕಿಕೊಳ್ಳುವ ತಾಣವೊಂದರಲ್ಲಿ ನನ್ನ ಒಂದು ಬರಹ, ಮಗನ ಐದು ವರ್ಷದ ಚಿತ್ರದ ಸಮೇತ, ಇನ್ನೂ ಇದೆ. ನಾಲ್ಕು ಸಲ ಬರೆದೆ, ಉತ್ತರ ಬಂದಿಲ್ಲ.

ಉಳಿದ 180 ಬರಹಗಳನ್ನು ಹುಡುಕಾಟಕ್ಕೆ ಸಿಗದಂತೆ ಮಾಡಿ, ಆಹ್ವಾನ ಪಡೆದವರಷ್ಟೇ ಓದುವಂತೆ ಬದಲಿಸಿದ್ದೇನೆ. ಅದರಿಂದ ಪೂರ್ಣ ಸುರಕ್ಷತೆ ಬಂತೆಂದು ನಂಬಿಲ್ಲ. ಓದಿದ ನೆಂಟರು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗುಂಪಿಗೆ ಕಳುಹಿಸಲು ಅರ್ಧ ನಿಮಿಷ ಸಾಕು. ಈಗಲೂ ಎಲ್ಲರಿಗೂ ತೆರೆದಂತೆ ಆಗಾಗ ಬರೆಯುತ್ತೇನೆ, ಬರೆಯುವ ರೀತಿ ಬೇರೆಯಾಗಿದೆ. ಊರಿಗೆ ಹೋಗುವ ಮುಂಚೆ ಬರೆಯುತ್ತಿದ್ದದ್ದನ್ನು ಈಗ ಬಂದು ಕೆಲವು ತಿಂಗಳಾದ ಮೇಲೆ ಬರೆಯುತ್ತೇನೆ, ಮನೆಗೆ ಬೀಗ ಬಿದ್ದಿದೆ ಎಂಬ ಸುದ್ದಿಯನ್ನು ಮುಂಗಡವಾಗಿ ಕೊಡುವುದಿಲ್ಲ. ಘಟನೆಯ ವರ್ಷ, ಬೀದಿ, ಮರ ಇವುಗಳಲ್ಲಿ ಒಂದನ್ನು ಉಳಿಸಿದರೆ ಉಳಿದೆರಡನ್ನು ಬದಲಿಸುತ್ತೇನೆ. ಸಂಪಿಗೆಯ ಜಾಗದಲ್ಲಿ ಹೊಂಗೆ ಬಂದರೆ ಓದುವವರಿಗೆ ನಷ್ಟವಿಲ್ಲ, ಬರೆಯುವ ನನಗೆ ಮಾತ್ರ ಪರಿಮಳ ತಪ್ಪಿದಂತಾಗುತ್ತದೆ. ಮಕ್ಕಳ ಮುಖದ ಬದಲು ಕೈಯನ್ನೋ, ಅವರು ಬಿಡಿಸಿದ ಚಿತ್ರವನ್ನೋ ಹಾಕುತ್ತೇನೆ. ಇನ್ನೊಬ್ಬರ ರೋಗ, ಸಾಲ, ಮದುವೆಯ ಮಾತು, ಅಂಕಗಳು ಈಗ ನನ್ನ ಬರವಣಿಗೆಯಲ್ಲಿಲ್ಲ. ಇದರಿಂದ ಬರಹ ಸಪ್ಪೆಯಾಯಿತೆಂದು ಹಳೆಯ ಓದುಗರೊಬ್ಬರು ಹೇಳಿದರು, ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ.

ಆ 312 ಬರಹಗಳನ್ನೂ, ಹೆಸರು, ಊರು, ನಕ್ಷತ್ರ, ‘ಲಾಮ’ ಯಾವುದನ್ನೂ ಬದಲಿಸದೆ, ಮುದ್ರಿಸಿ ಒಂದೇ ಒಂದು ಪ್ರತಿ ಮಾಡಿಸೋಣ ಎಂದದ್ದು ಮಗನೇ. ಕೆಲಸದವರ ಏಳು ಬರಹಗಳನ್ನು ಬಿಟ್ಟು 305 ಎಂದು ನಾನು ತಿದ್ದಿದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಇಬ್ಬರೂ ಜೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯವರು ಅದನ್ನು ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಂಡಾಗ, ಪರದೆಯ ತುಂಬ ಯಾರ್ಯಾರದೋ ಆಧಾರ್, ಯಾರ್ಯಾರದೋ ಪಹಣಿ, ಬಾಡಿಗೆ ಕರಾರು. ಮುದ್ರಣ ಮುಗಿಯುವವರೆಗೆ ಎರಡು ಗಂಟೆ ನಿಂತಿದ್ದು, ನಮ್ಮ ಕಡತವನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿದ್ದನ್ನು ನೋಡಿಕೊಂಡೇ ಮಗ ಹೊರಬಂದ. ಅಂಗಡಿಯವರಿಗೆ ಸ್ವಲ್ಪ ಸಿಟ್ಟು ಬಂದಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಕ್ಯಾಲಿಕೋ ರಟ್ಟಿನ ಆ ದಪ್ಪ ಪುಸ್ತಕವನ್ನು ಅಮ್ಮನ ಕೈಗಿಟ್ಟೆವು. ಅವರು ಕನ್ನಡಕ ಹಾಕಿಕೊಂಡು, ಜಗಲಿಯಲ್ಲಿ ಕುಳಿತು, ಮೂರು ದಿನ ಓದಿದರು. ಮೊಣಕಾಲಿನ ಬರಹದಲ್ಲಿ ‘ಎಡ’ ಎಂಬುದನ್ನು ಹೊಡೆದು ‘ಬಲ’ ಎಂದು ತಿದ್ದಿದರು. ‘ಅಜ್ಜಿ’ ಎಂದಿರುವುದನ್ನು ಹಾಗೆಯೇ ಬಿಟ್ಟರು. ಮೂರನೆಯ ದಿನ ಸಂಜೆ ನನ್ನನ್ನು ಕರೆದು ಪೆನ್ನು ಕೇಳಿ, ತಮ್ಮ ಮದುವೆಯ ಆರಂಭದ ದಿನಗಳ ಬಗ್ಗೆ ನಾನು ಬರೆದಿದ್ದ ಪುಟದಲ್ಲಿ ಒಂದು ಇಡೀ ಸಾಲನ್ನು, ಅಕ್ಷರ ಕಾಣದಂತೆ ಮತ್ತೆ ಮತ್ತೆ ಗೀಚಿ, ಕಪ್ಪು ಮಾಡಿದರು. ಯಾಕೆಂದು ನಾನು ಕೇಳಲಿಲ್ಲ. ಅದು ಯಾವ ಸಾಲು ಎಂಬುದು ನಮ್ಮಿಬ್ಬರಿಗೆ ಗೊತ್ತು.